ಆ ಬೆಡ್ ಎಷ್ಟು ತೂಕ ತಡೆಯುತ್ತೆ ಅಂತ ಕೇಳಿದ್ದೀರಾ?

2017ರ ಫೆಬ್ರವರಿಯ ಸುದ್ದಿ ನಿಮಗೆ ನೆನಪಿರಬಹುದು. ಈಜಿಪ್ಟ್‌ನ ಅಲೆಕ್ಸಾಂಡ್ರಿಯಾದಿಂದ ಇಮಾನ್ ಅಹ್ಮದ್ ಎಂಬ ಮಹಿಳೆಯನ್ನು ತೂಕ ಇಳಿಸುವ ಚಿಕಿತ್ಸೆಗಾಗಿ ಸರಕು ವಿಮಾನದಲ್ಲಿ ಮುಂಬೈಗೆ ಕರೆತಂದರು. ತೂಕ ಸುಮಾರು 500 ಕೆ.ಜಿ. ಅಂತ ಆಗ ಹೇಳಿದ್ದರು. ಅಲ್ಲಿ ಸರ್ಜರಿ ಆಯಿತು. ನಂತರ ಅಬುಧಾಬಿಗೆ ಹೋದ ಆಕೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಟಿವಿಯಲ್ಲಿ ನೀವೆಲ್ಲ ನೋಡಿದ್ದು ಆಕೆಯನ್ನು ಆಸ್ಪತ್ರೆಯೊಳಗೆ ಸೇರಿಸಿದ ಕ್ರೇನ್. ಆದರೆ ಆ ಕ್ರೇನ್ ಎತ್ತಿದ್ದು ಆಕೆ ಮಲಗಿದ್ದ, ಆಕೆಗೆಂದೇ ಮಾಡಿಸಿದ್ದ ಮಂಚವನ್ನು. ನಾನು ಇವತ್ತು ಮಾತಾಡಬೇಕು ಅಂತಿರೋದು ಆ ಮಂಚದ ಬಗ್ಗೆ.

ಮಂಚದಲ್ಲಿ ಏನಿದೆ ಮಹಾ, ಅಂತೀರಾ? ಬಹಳ ಇದೆ.

ಆಸ್ಪತ್ರೆಯ ಪ್ರತಿ ಬೆಡ್‌ಗೂ ಇಷ್ಟು ಭಾರ ಮಾತ್ರ ಸುರಕ್ಷಿತ ಎಂಬ ಮಿತಿ ಇರುತ್ತೆ. ಈಗಿನ ಅನೇಕ ಮಾಮೂಲಿ ಬೆಡ್‌ಗಳಲ್ಲಿ ಇದು 250 ಕೆ.ಜಿ. ಆಸುಪಾಸು. ಆದರೆ ಅದು ಪೇಷಂಟ್ ತೂಕ ಅಲ್ಲ. ಹಾಸಿಗೆ, ಡ್ರಿಪ್ ಸ್ಟ್ಯಾಂಡ್, ತಗುಲಿಸಿದ ಸಾಮಾನು ಎಲ್ಲ ಕಳೆದ ಮೇಲೆ ಪೇಷಂಟ್‌ಗೆ ಉಳಿಯೋದು 185ರಷ್ಟು. ಹಳೇ ಕಬ್ಬಿಣದ ಮಂಚಗಳ ಲೆಕ್ಕ ಬೇರೆ. ಬ್ಯಾರಿಯಾಟ್ರಿಕ್ ಬೆಡ್‌ಗಳು, ಅಂದರೆ ತೂಕ ಹೆಚ್ಚಿರುವವರಿಗೆಂದೇ ತಯಾರಾದ ಬೆಡ್‌ಗಳು, 300ರಿಂದ 450 ಕೆ.ಜಿ.ವರೆಗೆ ತಡೆಯುತ್ತವೆ.

ಹಾಗಾದರೆ 130 ಕೆ.ಜಿ. ಇರುವವರಿಗೆ ಮಾಮೂಲಿ ಬೆಡ್ ಸಾಕಲ್ವಾ? ಎಲ್ಲರೂ ಎಡವೋದು ಇಲ್ಲೇ. ಮಂಚ ಮುರಿಯಲ್ಲ, ನಿಜ. ಆದರೆ ಅಗಲ ಇರೋದೇ ಸುಮಾರು 90 ಸೆಂಟಿಮೀಟರ್. ಮೈ ಅಂಚಿನಿಂದ ಅಂಚಿಗೆ ತುಂಬಿಕೊಂಡರೆ ಮಗ್ಗುಲು ಬದಲಿಸೋದು ಹೇಗೆ? ಒಂದೇ ಭಂಗಿಯಲ್ಲಿ ಮಲಗಿದ್ದರೆ ಒತ್ತಡ ಬಿದ್ದ ಕಡೆ ರಕ್ತ ಓಡಾಡಲ್ಲ, ಬೆವರಿಗೆ ಚರ್ಮ ನೆನೆಯುತ್ತೆ, ಹುಣ್ಣಾಗುತ್ತೆ. ಅದಕ್ಕೇ ಇವರ ಬೆಡ್ ಅಗಲ, ಹಾಸಿಗೆಯೂ ಬೇರೆ.

ಇನ್ನು ಉಸಿರಾಟ. ಅಂಗಾತ ಮಲಗಿದರೆ ಹೊಟ್ಟೆಯ ಭಾರ ಶ್ವಾಸಕೋಶವನ್ನು ಒತ್ತುತ್ತೆ. ಇವರಲ್ಲಿ ಬಹಳ ಜನಕ್ಕೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇರುತ್ತೆ. ಅರಿವಳಿಕೆಯ ಮಂಪರಿನಲ್ಲಿ ಅದು ಇನ್ನೂ ಅಪಾಯ. ತಲೆ, ಎದೆ ಎತ್ತರಿಸಬೇಕು. ಅಷ್ಟು ಭಾರವನ್ನು ಎತ್ತುವ ಶಕ್ತಿ ಬೆಡ್‌ನ ಮೋಟಾರಿಗೆ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಸರ್ಜರಿ ಆದ ದಿನವೋ ಮಾರನೇ ದಿನವೋ ಪೇಷಂಟ್ ಎದ್ದು ನಡೆಯಬೇಕು. ಇಲ್ಲದಿದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ತರಬಹುದು. ಒಳ್ಳೆಯ ಬೆಡ್ ಕೆಳಗಿಳಿಯುತ್ತೆ, ಕುರ್ಚಿಯಂತೆ ಬಾಗುತ್ತೆ, ಪಾದ ನೆಲ ಮುಟ್ಟುತ್ತೆ. ಎತ್ತರದ ಮಂಚವಾದರೆ? ಇಬ್ಬರು ಸಿಸ್ಟರ್‌ಗಳು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕು. ಪೇಷಂಟ್ ಜಾರಿದರೆ ಮೂವರೂ ಬೀಳ್ತಾರೆ. ಬೀಳದಿದ್ದರೂ ಸಿಸ್ಟರ್‌ಗಳ ಸೊಂಟ ಹೋಗುತ್ತೆ.

ಎರಡು ಮಂಚ ಜೋಡಿಸಿದರೆ ಆಯ್ತಲ್ಲ, ಅನ್ನುವವರಿದ್ದಾರೆ. ಆಗಲ್ಲ ಸ್ವಾಮಿ. ಚಕ್ರ ಸರಿಯುತ್ತೆ, ನಡುವೆ ಸಂದು ಬಿಡುತ್ತೆ, ತಲೆಯ ಕಡೆ ಎರಡನ್ನೂ ಒಟ್ಟಿಗೆ ಎತ್ತೋಕೆ ಬರಲ್ಲ.

ಬೆಡ್ ಒಂದೇ ಇದ್ದರೂ ಸಾಲದು. ಸ್ಟ್ರೆಚರ್, ವೀಲ್‌ಚೇರ್, ಆಪರೇಷನ್ ಟೇಬಲ್, ಸ್ಕ್ಯಾನಿಂಗ್ ಯಂತ್ರ, ಕೊನೆಗೆ ಕಮೋಡ್ ಕೂಡ ಆ ತೂಕಕ್ಕೆ ಹೊಂದಬೇಕು.

ನನ್ನ ಕಾಳಜಿ ಇಷ್ಟೇ. ದಪ್ಪ ಇರುವವರನ್ನು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಸಿನಿಮಾದಲ್ಲಿ ನೋಡಿ ನಗೋದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆ ನಗುವಿಗೆ ಹೆದರಿದವರು ಆಸ್ಪತ್ರೆಯಲ್ಲೂ ಬಾಯಿ ಬಿಡಲ್ಲ. ಕೊಟ್ಟ ಮಂಚದಲ್ಲೇ ಮುದುರಿಕೊಳ್ತಾರೆ. ಬೆಡ್ ಸಾಲದೆ ಹೋದರೆ ಅದು ಪೇಷಂಟ್ ತಪ್ಪಲ್ಲ, ಆಸ್ಪತ್ರೆಯ ಸಿದ್ಧತೆಯ ಕೊರತೆ.

ನಿಮ್ಮ ಮನೆಯವರು ಈ ಸರ್ಜರಿಗೆ ಹೋಗುವುದಾದರೆ ಪ್ಯಾಕೇಜ್ ಎಷ್ಟು ಅಂತ ಮಾತ್ರ ಕೇಳಬೇಡಿ. ಬೆಡ್ ಎಷ್ಟು ತೂಕ ತಡೆಯುತ್ತೆ, ಅಗಲ ಎಷ್ಟು, ರಾತ್ರಿ ಎಬ್ಬಿಸಿ ನಡೆಸೋಕೆ ಯಾರಿರ್ತಾರೆ, ಐಸಿಯುನಲ್ಲೂ ಇಂಥದ್ದೇ ಬೆಡ್ ಇದೆಯಾ, ಇಷ್ಟನ್ನೂ ಕೇಳಿ. ಅಡ್ವಾನ್ಸ್ ಕಟ್ಟುವ ಮೊದಲು ಒಮ್ಮೆ ವಾರ್ಡ್‌ಗೆ ಹೋಗಿ ಆ ಬೆಡ್ ನೋಡಿ ಬನ್ನಿ.