ಎಲ್ಲೋ ಯುದ್ಧ, ಇಲ್ಲಿ ರಾಗಿಯ ಲೆಕ್ಕ

ಇವತ್ತು ಬೆಂಗಳೂರಿನ ಮಡಿವಾಳವೆಂದರೆ ಸಂಜೆಯಾಗುತ್ತಲೇ ಕೇರಳ, ತಮಿಳುನಾಡಿಗೆ ಹೊರಡುವ ಬಸ್ಸುಗಳು, ಮಾರುಕಟ್ಟೆಯ ಗದ್ದಲ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು. ಎಂಬತ್ತು ವರ್ಷಗಳ ಹಿಂದೆ ಇದು ಹೊಸೂರು ರಸ್ತೆಯ ಮಗ್ಗುಲಿನ ಹಳ್ಳಿ. ಸೋಮೇಶ್ವರನ ಗುಡಿ, ದೊಡ್ಡ ಕೆರೆ, ಸುತ್ತ ಹೊಲಗದ್ದೆ. ಊರು ಮೈಸೂರು ಮಹಾರಾಜರದ್ದು. ಕೆಲವೇ ಮೈಲಿ ಆಚೆಯ ದಂಡು, ಅಂದರೆ ಕಂಟೋನ್ಮೆಂಟ್, ಬ್ರಿಟಿಷರದ್ದು. ಎರಡನೆಯ ಮಹಾಯುದ್ಧ ಶುರುವಾಗಿ, 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ದೇಶದ ನಾಯಕರನ್ನೇ ಒಂದು ಮಾತು ಕೇಳಲಿಲ್ಲ. ಇನ್ನು ಹಳ್ಳಿಯವರನ್ನು ಕೇಳುವವರು ಯಾರು?

ಹಾಗೆಂದು ಯುದ್ಧ ಹಳ್ಳಿಗಳನ್ನು ಬಿಡಲಿಲ್ಲ. ಮೊದಲು ಕೈಗೆ ಸಿಕ್ಕಿದ್ದು ದುಡ್ಡಿನಲ್ಲಿ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. 1943ರಲ್ಲಿ ತೂತಿನ ಕಾಸು ಬಂತು: ನಡುವೆ ದುಂಡನೆಯ ದೊಡ್ಡ ರಂಧ್ರ, ಹಳೆಯ ಕಾಸಿನ ಅರ್ಧದಷ್ಟೂ ತೂಕವಿಲ್ಲ. ಲೋಹ ಉಳಿಸಲು ಮಾಡಿದ ಉಪಾಯವದು. ಸೀಮೆಎಣ್ಣೆಗೆ ತತ್ವಾರ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು.

ಕಣಕ್ಕೆ ಬಂದ ಲೆವಿ

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು, ಮಾರ್ಚ್ 8ರಂದು ರಂಗೂನ್. ಬರ್ಮಾದ ಅಕ್ಕಿ ನಿಂತುಹೋಯಿತು. ಅಕ್ಕಿಗೆ ಹೊರಗಿನ ಆಸರೆ ಬೇಕಿದ್ದ ಮೈಸೂರು ಸೀಮೆಗೆ ಇದು ದೊಡ್ಡ ಪೆಟ್ಟು. ಪಟ್ಟಣಕ್ಕೆ ರೇಷನ್ ಬಂತು, ರೈತನ ಮನೆಗೆ ಲೆವಿ ಬಂತು. ರಾಗಿಯೋ ಭತ್ತವೋ ರಾಶಿಯಾದ ಮೇಲೆ ಊಟಕ್ಕಿಷ್ಟು, ಬಿತ್ತನೆಗಿಷ್ಟು ಎಂದು ಬಿಟ್ಟು, ಉಳಿದದ್ದನ್ನು ಸರ್ಕಾರ ಗೊತ್ತುಮಾಡಿದ ಬೆಲೆಗೆ ಅಳೆದು ಕೊಡಬೇಕು. ಲೆಕ್ಕ ಬರೆಯಲು ಶಾನುಭೋಗರು, ವಸೂಲಿಗೆ ಪಟೇಲರು. 'ಕಂಟ್ರೋಲು' ಎಂಬ ಮಾತು ಹಳಬರ ಬಾಯಲ್ಲಿ ಉಳಿದದ್ದು ಆ ಕಾಲದಿಂದ.

ಅದೇ ಸೋಲು ಆಫ್ರಿಕಾದ ಹಳ್ಳಿಗಳನ್ನೂ ತಟ್ಟಿತು. ಮಲಯದ ತವರ ಕೈತಪ್ಪಿದ್ದರಿಂದ ಬ್ರಿಟಿಷರು ನೈಜೀರಿಯಾದ ಜೋಸ್ ಪ್ರಸ್ಥಭೂಮಿಯ ಗಣಿಗಳಿಗೆ ಉತ್ತರದ ರೈತರನ್ನು ಬಲವಂತವಾಗಿ ದುಡಿಯಲು ಕಳಿಸಿದರು. ಅವರ ಸಂಖ್ಯೆ ಒಂದು ಲಕ್ಷ ದಾಟಿತು. ಅಲ್ಲಿ ಉಳುವವನನ್ನೇ ಹೊಲದಿಂದ ಎಬ್ಬಿಸಿದರು, ಇಲ್ಲಿ ಉತ್ತು ಬೆಳೆದದ್ದನ್ನು ಕಣದಿಂದ ಎತ್ತಿದರು. ಇಬ್ಬರಿಗೂ ಜಪಾನಿನ ಮೇಲೆ ಹಗೆಯಿರಲಿಲ್ಲ, ಲಂಡನ್ನಿನಲ್ಲಿ ಓಟೂ ಇರಲಿಲ್ಲ.

ಬೆಂಗಳೂರಿನ ರೂಪವೂ ಬದಲಾಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಮೈಸೂರು ಸರ್ಕಾರದ ನೆರವಿನಿಂದ ಹುಟ್ಟಿತು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ಬೆಂಗಳೂರಿನ ಸೆರೆಶಿಬಿರಗಳಿಗೆ ಬಂದಿಳಿದರು.

ಈಸೂರಿನ ಉತ್ತರ

ಕೇಳದೆ ಹೇರಿದ್ದಕ್ಕೆ ಉತ್ತರ ಕೊಟ್ಟ ಹಳ್ಳಿಯೂ ನಮ್ಮಲ್ಲಿದೆ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಕಂದಾಯ ಕೊಡುವುದಿಲ್ಲವೆಂದಿತು, ತಾನು ಸ್ವತಂತ್ರವೆಂದು ಸಾರಿತು, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. 28ರಂದು ನಡೆದ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. ಆಮೇಲೆ ಊರಿನ ಮೇಲೆ ಬಿದ್ದ ಪೊಲೀಸ್ ಮತ್ತು ಸೈನ್ಯದ ದಾಳಿಗೆ ಜನ ಕಾಡು ಸೇರಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಲಾಯಿತು.

ಈಸೂರಿಗೆ ಚರಿತ್ರೆಯಲ್ಲಿ ಹೆಸರಿದೆ. ಸದ್ದಿಲ್ಲದೆ ರಾಗಿ ಅಳೆದುಕೊಟ್ಟು, ಅರೆಹೊಟ್ಟೆಯಲ್ಲಿ ಮಕ್ಕಳನ್ನು ಸಾಕಿದ ಸಾವಿರಾರು ಹಳ್ಳಿಗಳಿಗೆ ಇಲ್ಲ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಮಡಿವಾಳ, ತಾವರೆಕೆರೆ, ಜಕ್ಕಸಂದ್ರದ ಹಳೆಯ ಮನೆತನಗಳಲ್ಲಿ ಅಂಥ ಅಜ್ಜ ಅಜ್ಜಿಯರಿದ್ದರೆ ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕೇಳಬೇಕು: ಲೆವಿಗೆ ಎಷ್ಟು ಹೋಯಿತು, ಮನೆಯಲ್ಲಿ ಎಷ್ಟು ಉಳಿಯಿತು, ಆ ವರ್ಷ ಏನು ಉಂಡಿರಿ? ನಮ್ಮ ಶಾಲೆ ಕಾಲೇಜುಗಳು ಇದನ್ನು ಪಾಠದಷ್ಟೇ ಮುಖ್ಯವೆಂದು ಬಗೆದು ಬರೆಸಿಡಬೇಕು. ಯುದ್ಧದ ಖರ್ಚಿನಲ್ಲಿ ಆ ಹಳ್ಳಿಗಳ ಪಾಲೂ ಇತ್ತೆಂದು ಒಪ್ಪಿಕೊಳ್ಳದ ಚರಿತ್ರೆ ಪೂರ್ತಿಯಾಗದು.