ನಾವೇ ಕರೆದ ಉಪದ್ರವ

ಬೆಳ್ತಂಗಡಿ ಪೇಟೆಯಿಂದ ತುಸು ದೂರದಲ್ಲಿರುವ ನನ್ನ ದೊಡ್ಡಮ್ಮ ಬೀಡಿ ಕಟ್ಟುವವರು. ಮೊರವನ್ನು ಮಡಿಲಲ್ಲಿಟ್ಟು ಕುಳಿತರೆಂದರೆ ಪಕ್ಕದಲ್ಲಿ ಮೊಬೈಲು ಧಾರಾವಾಹಿಯ ಕಥೆ ಹೇಳುತ್ತಿರಬೇಕು. ಅದು ಅವರ ಪದ್ಧತಿ. ಕಳೆದ ಮಳೆಗಾಲದಲ್ಲಿ ಆ ಮೊಬೈಲಿಗೆ ಒಂದು ವಿಚಿತ್ರ ರೋಗ ಹಿಡಿಯಿತು. ಗಳಿಗೆಗೊಮ್ಮೆ ‘ಟಿಣ್’ ಎನ್ನುವುದು. ನೋಡಿದರೆ, “ನಿಮ್ಮ ಫೋನಿನಲ್ಲಿ 5 ವೈರಸ್‌ಗಳಿವೆ”, “ನಿಮ್ಮ ಬ್ಯಾಂಕ್ ಖಾತೆ ಇಂದೇ ನಿಲ್ಲುತ್ತದೆ” ಎಂಬ ಬೆದರಿಕೆ! ದೊಡ್ಡಮ್ಮ ಹೆದರಿ ಅದನ್ನು ಒಂದು ಅಂಗಡಿಗೆ ಒಯ್ದರು. ಅಂಗಡಿಯಾತ 300 ರೂಪಾಯಿ ತೆಗೆದುಕೊಂಡು, ಒಳಗಿನದನ್ನೆಲ್ಲ ಅಳಿಸಿ, ಫೋನನ್ನು ಹೊಸದರಂತೆ ಮಾಡಿಕೊಟ್ಟನು. ತೀರಿಕೊಂಡ ದೊಡ್ಡಪ್ಪನ ಭಾವಚಿತ್ರಗಳೆಲ್ಲ ಅದರೊಂದಿಗೆ ಹೋದವು. ವಾರ ಕಳೆಯುವುದರೊಳಗೆ ಗಂಟೆ ಮಾತ್ರ ಮರಳಿ ಬಂದಿತು.

“ಪೂರ್ತಿ ತೊಳೆದರೂ ಹೋಗುವುದಿಲ್ಲವಾದರೆ ಅದೆಂತ ವೈರಸ್ ಮಗಾ?” ಎಂದು ದೊಡ್ಡಮ್ಮ ನನ್ನನ್ನು ಕೇಳಿದರು. ನಮ್ಮ ಕಾಲೇಜಿನಲ್ಲಿಯೂ ಅನೇಕರ ಫೋನಿಗೆ ಇದೇ ಪೀಡೆ ಇರುವುದನ್ನು ಬಲ್ಲೆನಾದ್ದರಿಂದ ಈ ನಾಲ್ಕು ಮಾತು.

ನಿಜವಾಗಿ ಅದು ರೋಗವೇ ಅಲ್ಲ. 2015ರಲ್ಲಿ ಗೂಗಲ್ ಸಂಸ್ಥೆಯವರು ತಮ್ಮ ಕ್ರೋಮ್ ಬ್ರೌಸರಿನಲ್ಲಿ ಒಂದು ಸೌಕರ್ಯವನ್ನು ಒದಗಿಸಿದರು. ಒಂದು ಜಾಲತಾಣವನ್ನು ನಾವು ಮುಚ್ಚಿದ ಮೇಲೂ ಅದು ನಮ್ಮ ಫೋನಿಗೆ ಸೂಚನೆ ಕಳುಹಿಸಬಹುದು. ಪತ್ರಿಕೆಗಳಿಗೆ ತಾಜಾ ಸುದ್ದಿ ಮುಟ್ಟಿಸಲು ಇದು ಬಹಳ ಅನುಕೂಲ. ಕಟ್ಟಳೆ ಒಂದೇ: ಫೋನಿನ ಒಡೆಯರು ಅನುಮತಿ ಕೊಟ್ಟಿರಬೇಕು. ಕಪಟಿಗಳು ಹೊಕ್ಕಿರುವುದು ಈ ಬಾಗಿಲಿನಿಂದಲೇ. ಧಾರಾವಾಹಿಯನ್ನು ಪುಕ್ಕಟೆ ತೋರಿಸುವ ತಾಣವನ್ನು ತೆರೆದೊಡನೆ “ನೀವು ರೋಬೋಟ್ ಅಲ್ಲವೆಂದು ತಿಳಿಸಲು ‘ಅಲೌ’ ಒತ್ತಿ” ಎಂದಿರುತ್ತದೆ. ದೊಡ್ಡಮ್ಮ ರೋಬೋಟ್ ಅಲ್ಲವಷ್ಟೆ, ಒತ್ತಿದರು. ಫೋನು ಹೊಸದಾದ ಮೇಲೆಯೂ ಅದೇ ತಾಣ, ಅದೇ ಗುಂಡಿ!

ಇನ್ನು ಆ ಬೆದರಿಕೆಯ ಮಾತು. ಜಾಲತಾಣವೊಂದಕ್ಕೆ ನಮ್ಮ ಫೋನಿನೊಳಗೆ ಇಣುಕಿ ವೈರಸ್ ಎಣಿಸುವ ಶಕ್ತಿಯಿಲ್ಲ. ಆ ವಾಕ್ಯ ಮೊದಲೇ ಬರೆದಿಟ್ಟದ್ದು. ಅನುಮತಿ ಕೊಟ್ಟವರಿಗೆಲ್ಲ ಅದೇ ಹೋಗುತ್ತದೆ. ಒತ್ತಿದರೆ ಜಾಹೀರಾತೋ, ಬೇಡದ ಆ್ಯಪ್ ಒಂದೋ, ಕಾರ್ಡಿನ ಸಂಖ್ಯೆ ಕೇಳುವ ಪುಟವೋ ಎದುರಾಗುತ್ತದೆ. ಹೀಗೆ ಮೋಸಹೋಗಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡಬೇಕು.

ಪರಿಹಾರ ಬಲು ಸುಲಭ. ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ತೆರೆದು, ಮೂಲೆಯ ಮೂರು ಚುಕ್ಕಿಗಳನ್ನು ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ಎಂಬಲ್ಲಿಗೆ ಹೋಗಬೇಕು. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿರುತ್ತದೆ. ಗುರುತಿಲ್ಲದ ಒಂದೊಂದನ್ನೂ ‘ಬ್ಲಾಕ್’ ಮಾಡಿದರಾಯಿತು. ನೋಡಿದ ಪುಟಗಳ ಚರಿತ್ರೆಯನ್ನಷ್ಟೇ ಅಳಿಸುವವರಿದ್ದಾರೆ. ಕೊಟ್ಟ ಅನುಮತಿ ಅದರಿಂದ ಹೋಗುವುದಿಲ್ಲ. ಐಫೋನಿನವರಿಗೆ ಈ ಕಾಟ ಕಡಿಮೆ. 2023ರಲ್ಲಿ ಈ ಸೌಕರ್ಯ ಅಲ್ಲಿಗೆ ಬಂದಾಗಲೂ, ನಾವಾಗಿ ಮುಖಪರದೆಗೆ ಸೇರಿಸಿಕೊಂಡ ತಾಣಗಳಿಗೆ ಮಾತ್ರ ಅದು ದೊರೆಯಿತು.

ದೊಡ್ಡಮ್ಮನ ಪಟ್ಟಿಯಲ್ಲಿ 11 ತಾಣಗಳಿದ್ದವು. ಎಲ್ಲವನ್ನೂ ತಡೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. “ಇಷ್ಟೆಯಾ?” ಎಂದರು, ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋಟೋಗಳನ್ನು ವಿಚಾರಿಸಿದರು. ಮಂಗಳೂರಿನಲ್ಲಿರುವ ಅಣ್ಣನ ಫೋನಿನಲ್ಲಿ ಎರಡು ಸಿಕ್ಕಿದವು. ಒಂದರಲ್ಲಿ ದೊಡ್ಡಪ್ಪ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದಾರೆ, ಮುಖ ಸರಿಯಾಗಿ ಕಾಣುವುದಿಲ್ಲ.