ನಿಮಗಿದು ಗೊತ್ತೆ? ಹಾರ್ಟ್‌ಬ್ಲೀಡ್ ದೋಷ ಬಯಲಾದ ಬಗೆ

ಓಪನ್ ಸೋರ್ಸ್ ತಂತ್ರಾಂಶದ ಕೋಡ್ ಎಲ್ಲರಿಗೂ ಮುಕ್ತ. ಅದರಲ್ಲಿ ಭದ್ರತಾ ದೋಷ ಕಂಡವರು ಮೊದಲು ಅದನ್ನು ನಿರ್ವಹಿಸುವ ತಂಡಕ್ಕೆ ಗುಟ್ಟಾಗಿ ತಿಳಿಸಿ, ಸರಿಪಡಿಸಲು ಕಾಲಾವಕಾಶ ಕೊಟ್ಟು, ಬಳಿಕವೇ ವಿವರ ಪ್ರಕಟಿಸುವುದು ಒಪ್ಪಿತ ಕ್ರಮ.

2014ರ ಹಾರ್ಟ್‌ಬ್ಲೀಡ್ ಇದಕ್ಕೆ ಪ್ರಸಿದ್ಧ ನಿದರ್ಶನ. ಜಾಲತಾಣಗಳ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ 2012ರ ಆವೃತ್ತಿಯಲ್ಲಿ ಈ ದೋಷ ನುಸುಳಿತ್ತು. ಬಂದ ಸಂದೇಶದ ನಿಜವಾದ ಉದ್ದವನ್ನು ಸರ್ವರ್ ಪರೀಕ್ಷಿಸುತ್ತಿರಲಿಲ್ಲ. ಇದರಿಂದ ಪ್ರತಿ ಸಲವೂ ಮೆಮೊರಿಯಲ್ಲಿನ 64 ಕಿಲೋಬೈಟ್‌ವರೆಗಿನ ಮಾಹಿತಿ ಸೋರಬಹುದಿತ್ತು. ಪಾಸ್‌ವರ್ಡ್‌ಗಳು, ಗುಪ್ತ ಕೀಲಿಗಳು ಕೂಡ ಅದರಲ್ಲಿ ಸೇರಿರಬಹುದಿತ್ತು.

ಗೂಗಲ್‌ನ ನೀಲ್ ಮೆಹ್ತಾ ಹಾಗೂ ಫಿನ್ಲೆಂಡ್‌ನ ಕೋಡೆನೊಮಿಕಾನ್ ಸಂಸ್ಥೆಯ ಎಂಜಿನಿಯರ್‌ಗಳು ಈ ದೋಷವನ್ನು ಪ್ರತ್ಯೇಕವಾಗಿ ಪತ್ತೆಹಚ್ಚಿದರು. ಏಪ್ರಿಲ್ 1ರಂದು ಗೂಗಲ್ ಓಪನ್‌ಎಸ್‌ಎಸ್‌ಎಲ್ ತಂಡಕ್ಕೆ ಮಾಹಿತಿ ನೀಡಿತು. ಏಪ್ರಿಲ್ 7ರಂದು ಸರಿಪಡಿಸಿದ ಆವೃತ್ತಿಯೂ ದೋಷದ ವಿವರವೂ ಒಟ್ಟಿಗೆ ಹೊರಬಂದವು.

ಆದರೂ ಅದನ್ನು ಎಲ್ಲರೂ ತಕ್ಷಣ ಅಳವಡಿಸಿಕೊಳ್ಳಲು ಆಗಲಿಲ್ಲ. ಕೆನಡಾದ ಕಂದಾಯ ಇಲಾಖೆಯಿಂದ ಸುಮಾರು 900 ತೆರಿಗೆದಾರರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾದವು. ಬಹುಪಾಲು ಅಂತರ್ಜಾಲ ನೆಚ್ಚಿಕೊಂಡಿದ್ದ ಈ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ ಎಂಬುದೂ ಆಗಲೇ ಜಗತ್ತಿಗೆ ತಿಳಿಯಿತು. ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಇಂಥ ಯೋಜನೆಗಳಿಗೆ ಹಣ ಒದಗಿಸುವ ಕಾರ್ಯಕ್ರಮ ಘೋಷಿಸಿತು.

ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಈಗ ದೋಷ ಸರಿಪಡಿಸಲು ಸಾಮಾನ್ಯವಾಗಿ 90 ದಿನಗಳ ಗಡುವು ನೀಡುತ್ತದೆ. ಭಾರತದಲ್ಲಿ ಇಂಥ ವರದಿಗಳನ್ನು ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್ ಸ್ವೀಕರಿಸುತ್ತದೆ. ದೋಷ ಬಹಿರಂಗವಾದೊಡನೆ ದಾಳಿಕೋರರಿಗೂ ಅದು ತಿಳಿಯುತ್ತದೆ. ಹಾಗಾಗಿ ಬಳಕೆದಾರರು ಅಪ್‌ಡೇಟ್ ಬಂದ ಕೂಡಲೇ ಅಳವಡಿಸಿಕೊಳ್ಳಬೇಕು.